ಮೂರು ಇಂಚಿಗೆ ಒಂದು ನೂಲು: ಪುಟ್ಟ ಲಾರಿಗಳ ಚರಿತ್ರೆ

ಲಾರಿಯ ಚರಿತ್ರೆ ಬರೆಯಲು ಹೊರಟರೆ ಇಂಗ್ಲೆಂಡಿನವರಿಗೆ ಒಂದು ಅನುಕೂಲವಿದೆ. ಲಾರಿ ಮಾಡಿದ ಕಂಪನಿ ಮುಚ್ಚಿರಬಹುದು, ಕಾಗದಪತ್ರ ರದ್ದಿಗೆ ಹೋಗಿರಬಹುದು, ಆದರೂ ಆ ಲಾರಿ ಅಂಗೈ ಅಗಲದ ಮಾದರಿಯಾಗಿ ಯಾರದೋ ಮನೆಯ ಕಪಾಟಿನಲ್ಲಿ ಉಳಿದಿರುತ್ತದೆ. ನಮ್ಮ ಲಾರಿಗೆ ಆ ಭಾಗ್ಯ ಬರಲಿಲ್ಲ. ಹಣೆಯ ಮೇಲೆ ಮನೆದೇವರ ಹೆಸರು, ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ, ಮರದ ಕ್ಯಾಬಿನ್ನು, ಮರದ ಬಾಡಿ. ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರ ಮನೆಸಾಮಾನನ್ನು ಮೊದಲ ಸಲ ಹೊತ್ತು ತಂದದ್ದು ಅಂಥದೇ ಲಾರಿ. ಅದೀಗ ರಸ್ತೆಯಿಂದ ಸದ್ದಿಲ್ಲದೆ ಮರೆಯಾಗುತ್ತಿದೆ. ಪುಣೆಯಲ್ಲಿ ನೌಕರಿ ಮಾಡುತ್ತ, ಭಾನುವಾರಗಳಲ್ಲಿ ಮಾದರಿ ಲಾರಿ ಕಟ್ಟುವ ಹವ್ಯಾಸ ಹಚ್ಚಿಕೊಂಡಿರುವ ನನಗೆ ಇದು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ. ಅವರದು ಉಳಿದು ನಮ್ಮದು ಉಳಿಯದೆ ಹೋದದ್ದು ಹೇಗೆ? ಉತ್ತರ ಪುಟ್ಟ ಲಾರಿಗಳ ಚರಿತ್ರೆಯಲ್ಲೇ ಸಿಗುತ್ತದೆ.

ಆ ಚರಿತ್ರೆ ಶುರುವಾಗುವುದು ರೈಲಿನಿಂದ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಮೆಕ್ಯಾನೊ ಆಟಿಕೆಗೆ ಪೇಟೆಂಟ್ ಪಡೆದವನು. ಮುಂದೆ ಅವನ ಕಂಪನಿ ಆಟಿಕೆ ರೈಲುಗಳನ್ನೂ ಮಾಡಿತು. ರೈಲು ಬಂದ ಮೇಲೆ ನಿಲ್ದಾಣ ಬೇಕು, ನಿಲ್ದಾಣದ ಹೊರಗೆ ನಾಲ್ಕು ಗಾಡಿ ನಿಂತಿರಬೇಕು. ಹಾಗಾಗಿ 1933ರ ಕೊನೆಗೆ ಆರು ವಾಹನಗಳ ಒಂದು ಸೆಟ್ ಹೊರಬಂತು. ಅದರಲ್ಲಿ ಎರಡು ಕಾರು, ಒಂದು ಟ್ರ್ಯಾಕ್ಟರ್, ಒಂದು ವ್ಯಾನು, ಒಂದು ಯುದ್ಧದ ಟ್ಯಾಂಕು, ಜತೆಗೆ ಒಂದು ಲಾರಿ. ಮರುವರ್ಷ ಇವಕ್ಕೆ 'ಡಿಂಕಿ ಟಾಯ್ಸ್' ಎಂಬ ಹೆಸರು ಬಿತ್ತು. ಇಂದಿಗೂ ಸಂಗ್ರಹಕಾರರು 1:43 ಎಂಬ ವಿಚಿತ್ರ ಅಳತೆಯನ್ನು ಹಿಡಿದುಕೊಂಡಿರುವುದಕ್ಕೆ ಆ ರೈಲೇ ಕಾರಣ. ಬ್ರಿಟನ್ನಿನ 'ಒ' ಗೇಜ್ ಆಟಿಕೆ ರೈಲಿನಲ್ಲಿ ಒಂದು ಅಡಿಗೆ 7 ಮಿ.ಮೀ. ಲೆಕ್ಕ. ಭಾಗಿಸಿ ನೋಡಿದರೆ 43 ಚಿಲ್ಲರೆ ಬರುತ್ತದೆ.

ಈ ಆಟಿಕೆಗಳನ್ನು ಸತುವಿನ ಮಿಶ್ರಲೋಹ ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತಡದಲ್ಲಿ ತುಂಬಿ ಮಾಡುತ್ತಿದ್ದರು. ಆ ಮಿಶ್ರಣಕ್ಕೆ ಚೂರು ಸೀಸ ಸೇರಿದರೂ ಸಾಕು, ವರ್ಷಗಳು ಕಳೆದಂತೆ ಲೋಹ ಒಳಗಿನಿಂದಲೇ ಬಿರುಕು ಬಿಟ್ಟು ಹಳೆಯ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಯುದ್ಧಕ್ಕೆ ಮುಂಚಿನ ಎಷ್ಟೋ ಡಿಂಕಿಗಳು ಹೀಗೇ ಹಾಳಾಗಿವೆ. ಆದರೂ ಉಳಿದವು ಸಾಕಷ್ಟಿವೆ. ಯುದ್ಧ ಮುಗಿದ ಮೇಲೆ 1947ರಲ್ಲಿ ಬಂದ 'ಸೂಪರ್‌ಟಾಯ್ಸ್' ಸಾಲಿನಲ್ಲಿ ಫೋಡೆನ್, ಗೈ, ಲೇಲ್ಯಾಂಡ್ ಲಾರಿಗಳು ನಿಂತವು. 1949ರಲ್ಲಿ ಅದೇ ಸಾಲಿಗೆ ಲೇಲ್ಯಾಂಡ್ ಕಾಮೆಟ್ ಸೇರಿತು. ಕಾಮೆಟ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದು ನಮ್ಮ ಕಡೆಗೇ ಬರುತ್ತದೆ.

ಲಂಡನ್ನಿನಲ್ಲಿ ಇದೇ ಹೊತ್ತಿಗೆ ಲೆಸ್ನಿ ಎಂಬ ಸಣ್ಣ ಕಂಪನಿಯೊಂದು ಹುಟ್ಟಿತ್ತು. ಅಲ್ಲಿನ ಪಾಲುದಾರ ಜಾಕ್ ಓಡೆಲ್‌ನ ಮಗಳ ಶಾಲೆಯಲ್ಲಿ ಒಂದು ನಿಯಮ: ಬೆಂಕಿಪೊಟ್ಟಣದಲ್ಲಿ ಹಿಡಿಯುವಷ್ಟು ಚಿಕ್ಕ ಆಟಿಕೆಯಾದರೆ ಮಾತ್ರ ತರಬಹುದು. 1952ರಲ್ಲಿ ಓಡೆಲ್ ಅವಳಿಗಾಗಿ ಪುಟ್ಟ ಹಿತ್ತಾಳೆಯ ರೋಡ್ ರೋಲರ್ ಮಾಡಿಕೊಟ್ಟ. ಮರುವರ್ಷ ಶುರುವಾದ ಮ್ಯಾಚ್‌ಬಾಕ್ಸ್ ಸಾಲಿನ ಒಂದನೇ ನಂಬರು ರೋಡ್ ರೋಲರ್, ಎರಡನೆಯದು ಮಣ್ಣು ಸುರಿಯುವ ಡಂಪರ್, ಮೂರನೆಯದು ಸಿಮೆಂಟ್ ಮಿಕ್ಸರ್. ಯುದ್ಧದಲ್ಲಿ ನೆಲಸಮವಾದ ಊರುಗಳನ್ನು ಮತ್ತೆ ಕಟ್ಟುತ್ತಿದ್ದ ಕಾಲ ಅದು. ಮಕ್ಕಳು ಬೀದಿಯಲ್ಲಿ ಕಂಡದ್ದೇ ಜೇಬಿಗೂ ಬಂತು.

ಆಟಿಕೆ ದೊಡ್ಡವರ ಹವ್ಯಾಸವಾಗಿ ಗಟ್ಟಿಗೊಂಡದ್ದು ಪ್ಲಾಸ್ಟಿಕ್ ಕಿಟ್‌ಗಳಿಂದ. ಅಮೆರಿಕದ ಎಎಂಟಿ ಕಂಪನಿ ಮೊದಲು ಕಾರು ಮಾರುವ ಅಂಗಡಿಗಳಿಗೆ ಜಾಹೀರಾತಿನ ಮಾದರಿ ಮಾಡಿಕೊಡುತ್ತಿತ್ತು. 1970ರ ಆಸುಪಾಸಿನಲ್ಲಿ ಅದು ಪೀಟರ್‌ಬಿಲ್ಟ್ 359 ಲಾರಿಯನ್ನು 1:25ರ ಅಳತೆಯಲ್ಲಿ ಬಿಡಿಭಾಗಗಳಾಗಿ ಮಾರತೊಡಗಿತು. ಯುರೋಪಿನ ವೋಲ್ವೊ, ಸ್ಕ್ಯಾನಿಯಾಗಳನ್ನು ಇಟಲಿಯ ಇಟಲೇರಿ 1:24ರಲ್ಲಿ ತಂದಿತು. ಕಾರಿನ ಮಾದರಿಯಲ್ಲಿ ಹೊರಗಿನ ಹೊಳಪೇ ಮುಖ್ಯ. ಲಾರಿಗೆ ಆ ನಾಚಿಕೆಯಿಲ್ಲ. ಅದರ ಷಾಸಿ, ಡೀಸೆಲ್ ಟ್ಯಾಂಕು, ಗಾಳಿ ಟ್ಯಾಂಕು, ಬ್ರೇಕಿನ ಪೈಪು, ಪಟ್ಟಿ ಸ್ಪ್ರಿಂಗು ಎಲ್ಲವೂ ಬಯಲಿಗಿರುತ್ತವೆ. ಹಾಗಾಗಿ ಡಬ್ಬಿಯಲ್ಲಿ ಬಂದದ್ದನ್ನು ಅಂಟಿಸಿಬಿಟ್ಟರೆ ಹವ್ಯಾಸಿಗೆ ಸಮಾಧಾನವಾಗುವುದಿಲ್ಲ. ತೆಳು ತಂತಿಯಿಂದ ಬ್ರೇಕಿನ ಪೈಪು ಎಳೆಯುತ್ತಾನೆ, ಎಂಜಿನ್ನಿಗೆ ವೈರು ಕೂರಿಸುತ್ತಾನೆ, ನೀರಾಗಿಸಿದ ಕಪ್ಪು ಬಣ್ಣವನ್ನು ಸಂದುಗಳಿಗೆ ಹರಿಸಿ ಗ್ರೀಸಿನ ಜಿಡ್ಡು ತರಿಸುತ್ತಾನೆ, ಒಣ ಬ್ರಷ್ಷಿನಿಂದ ಅಂಚುಗಳನ್ನು ಸವೆಸುತ್ತಾನೆ. ಹೊಸದನ್ನು ಹಳೆಯದಾಗಿಸುವ ಈ ಕೆಲಸಕ್ಕೆ ಕಟ್ಟುವುದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ.

ಡಿಂಕಿಯಿಂದ ಇಟಲೇರಿವರೆಗಿನ ಈ ಎಲ್ಲವೂ ನಿಂತಿರುವುದು ಒಂದೇ ನಂಬಿಕೆಯ ಮೇಲೆ. ಒಂದು ಮಾಡೆಲ್ಲಿನ ಲಾರಿಗಳೆಲ್ಲ ಒಂದೇ ತರಹ ಇರುತ್ತವೆ, ಕಾರ್ಖಾನೆಯಲ್ಲಿ ಅದರ ನಕ್ಷೆ ಇರುತ್ತದೆ, ನಕ್ಷೆಯಿದ್ದರೆ ಅಚ್ಚು ತೆಗೆಯಬಹುದು. ನಮ್ಮ ದೇಶದಲ್ಲಿ ಮುರಿದುಬಿದ್ದದ್ದು ಈ ನಂಬಿಕೆಯೇ.

1948ರಲ್ಲಿ ಮದ್ರಾಸಿನ ಎಣ್ಣೂರಿನಲ್ಲಿ ಆಸ್ಟಿನ್ ಕಾರು ಜೋಡಿಸಲು ಅಶೋಕ್ ಮೋಟಾರ್ಸ್ ಶುರುವಾಯಿತು. ಸ್ವಲ್ಪದರಲ್ಲೇ ಅದು ಲೇಲ್ಯಾಂಡ್ ಜತೆ ಕೈಜೋಡಿಸಿ, ಕಾಮೆಟ್ ಲಾರಿಗಳನ್ನು ಹೊರತಂದು, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ರೈಲ್ವೆ ಎಂಜಿನ್ ಮಾಡಲೆಂದು 1945ರಲ್ಲಿ ಹುಟ್ಟಿದ್ದ ಟೆಲ್ಕೊ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜತೆ ಒಪ್ಪಂದ ಮಾಡಿಕೊಂಡು ಲಾರಿಗೆ ಇಳಿಯಿತು. 1969ರಲ್ಲಿ ಒಪ್ಪಂದ ಮುಗಿದಾಗ ಮೂತಿಯ ಮೇಲಿನ ಬೆಂಜ್ ನಕ್ಷತ್ರ ಹೋಗಿ 'ಟಿ' ಅಕ್ಷರ ಕೂತಿತು. ಈ ಎರಡೂ ಕಾರ್ಖಾನೆಗಳಿಂದ ಹೊರಬೀಳುತ್ತಿದ್ದ ಲಾರಿಗಳಲ್ಲಿ ಬಹುಪಾಲು ಅರೆಬರೆ. ಎಂಜಿನ್ನು, ಷಾಸಿ, ಮುಂದೊಂದು ತಗಡಿನ ಮೂತಿ, ಅಷ್ಟೇ. ಡ್ರೈವರ್ ತಾತ್ಕಾಲಿಕ ಸೀಟಿನ ಮೇಲೆ ಕೂತು, ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಗಾಳಿ ಮಳೆಯಲ್ಲೇ ನೂರಾರು ಮೈಲಿ ಓಡಿಸಿಕೊಂಡು ಬಂದು ಬಾಡಿ ಕಟ್ಟುವ ಮೇಸ್ತ್ರಿಯ ಶೆಡ್ಡಿನ ಮುಂದೆ ನಿಲ್ಲಿಸುತ್ತಿದ್ದ. ನಾವು ಲಾರಿ ಎಂದು ಗುರುತಿಸುವ ರೂಪ ಅದಕ್ಕೆ ಬರುತ್ತಿದ್ದದ್ದು ಅಲ್ಲಿ. ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡು, ಸಂಕಗಿರಿ ಈ ಕಸುಬಿನಿಂದಲೇ ಹೆಸರಾದ ಊರುಗಳು. ನಮ್ಮ ಲಾರಿ ಊರುಗಳಲ್ಲೂ ಅಂಥ ಶೆಡ್ಡುಗಳಿದ್ದವು. 1976ರಲ್ಲಿ ಗದಗದಲ್ಲಿ ವಿಜಯ ಸಂಕೇಶ್ವರರು ಒಂದೇ ಒಂದು ಲಾರಿಯಿಂದ ಸಾಗಾಟಕ್ಕಿಳಿದಾಗ ಸುತ್ತಲಿದ್ದ ಲಾರಿ ಪ್ರಪಂಚ ಇದೇ.

ದಾವಣಗೆರೆಯಲ್ಲಿ ಇಂಥ ಕೆಲಸ ಮಾಡಿ ಈಗ ಕೈಬಿಟ್ಟಿರುವ ಒಬ್ಬ ಹಿರಿಯರನ್ನು ನಾನು ಮಾತನಾಡಿಸಿದ್ದೆ. "ಮೇಸ್ತ್ರಿಗಳೇ, ಕ್ಯಾಬಿನ್ನಿನ ಡ್ರಾಯಿಂಗು ಏನಾದ್ರೂ ಇಟ್ಕೊಂಡಿದ್ದೀರಾ?" ಎಂದು ಕೇಳಿದೆ. ಅವರಿಗೆ ನಗು ಬಂತು. "ಡ್ರಾಯಿಂಗು ಎಲ್ಲಿದಪ್ಪಾ? ಷಾಸಿ ಬಂದು ನಿಂತ್ಮೇಲೆ ಮಾಲೀಕ ಹೇಳಿದಷ್ಟು, ಕಟ್ಟಿಗೆ ಸಿಕ್ಕಷ್ಟು. ನಾ ಕಟ್ಟಿದ ಎರಡು ಲಾರಿ ಪಕ್ಕಪಕ್ಕ ನಿಲ್ಸಿದ್ರೆ ನಾಕು ನೂಲು ಆದ್ರೂ ವ್ಯತ್ಯಾಸ ಇರ್ತಿತ್ತು" ಎಂದರು. ಯಾವ ಅಚ್ಚಿನ ಕಂಪನಿಯೂ ನಮ್ಮ ಲಾರಿಯನ್ನು ಏಕೆ ಮುಟ್ಟಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಲಿವರ್‌ಪೂಲಿನ ಡಿಂಕಿ ಕಾಮೆಟ್‌ಗೆ ಇದ್ದದ್ದು ಲೇಲ್ಯಾಂಡಿನ ಕಾರ್ಖಾನೆಯ ಉಕ್ಕಿನ ಕ್ಯಾಬಿನ್ನು. ನಮ್ಮ ಕಾಮೆಟ್‌ಗೆ ಬಡಗಿಗೊಂದು ಕ್ಯಾಬಿನ್ನು.

ಬಣ್ಣದ ಕಥೆಯೂ ಹಾಗೇ. 1989ರ ಮೋಟಾರು ವಾಹನ ನಿಯಮಗಳಲ್ಲಿ ನ್ಯಾಷನಲ್ ಪರ್ಮಿಟ್ ಲಾರಿಯ ಬಾಡಿಗೆ ಬಣ್ಣ ಹೇಳಲಾಗಿತ್ತು: ಒಣಗಿದ ಎಲೆಯ ಕಂದು, ಬಿಳಿ ಅಂಚು. ಮಾವಿನ ಒಣ ಎಲೆಯೋ ತೇಗದ ಒಣ ಎಲೆಯೋ, ಅದನ್ನು ಪೇಂಟರೇ ತೀರ್ಮಾನಿಸಬೇಕಿತ್ತು. ಹಿಂಬದಿಯ 'ಹಾರ್ನ್ ಓಕೆ ಪ್ಲೀಸ್' ಬರಹವನ್ನು ಯಾವ ನಿಯಮವೂ ಬರೆಯಿಸಿರಲಿಲ್ಲ. ಆದರೂ ದೇಶದ ಉದ್ದಗಲಕ್ಕೂ ಹರಡಿತು. 2015ರಲ್ಲಿ ನಾನಿರುವ ಮಹಾರಾಷ್ಟ್ರ ಅದನ್ನು ನಿಷೇಧಿಸಬೇಕಾಗಿ ಬಂತು.

ಇಲ್ಲಿ ಆಟಿಕೆ ಉದ್ಯಮ ಇರಲೇ ಇಲ್ಲವೆಂದಲ್ಲ. 1960ರ ದಶಕದ ಕೊನೆಗೆ ಡಿಂಕಿಯ ಹಳೆಯ ಅಚ್ಚುಗಳು ಕಲ್ಕತ್ತೆಗೆ ಬಂದು, ಅವುಗಳಿಂದ 'ನಿಕ್ಕಿ ಟಾಯ್ಸ್' ತಯಾರಾದವು. ಆದರೆ ಆ ಅಚ್ಚುಗಳೊಳಗೆ ಇದ್ದದ್ದು ಜಾಗ್ವಾರ್, ಬೆಂಟ್ಲಿಗಳಂಥ ಪರದೇಶದ ಗಾಡಿಗಳು. ನಮ್ಮ ರಸ್ತೆಯ ಲಾರಿಯನ್ನು ಮಕ್ಕಳ ಕೈಗೆ ಕೊಟ್ಟ ಪುಣ್ಯ ಹೆಚ್ಚಾಗಿ ಸೆಂಟಿಯಂಥ ಪ್ಲಾಸ್ಟಿಕ್ ಆಟಿಕೆಗಳದು. ಹಿಂದಕ್ಕೆಳೆದು ಬಿಟ್ಟರೆ ಮುಂದಕ್ಕೋಡುವ ಅವುಗಳಲ್ಲಿ ನಮ್ಮ ಲಾರಿಯ ಚಹರೆ ಇದೆ, ಅಳತೆ ಇಲ್ಲ. ಪುಣೆಯ ಕೋಥ್ರೂಡಿನಲ್ಲಿ ಪುಟ್ಟ ರೈಲುಗಳಿಗಾಗಿಯೇ 1998ರಿಂದ ಜೋಶಿಯವರ ವಸ್ತುಸಂಗ್ರಹಾಲಯವಿದೆ. ಅಲ್ಲಿಗೆ ಹೋದಾಗಲೆಲ್ಲ ನನಗೆ ಸಂತೋಷದ ಜತೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

ಹಾಗಾಗಿ ನಮ್ಮ ಲಾರಿಯ ಮಾದರಿ ಬೇಕೆನ್ನುವವನು ಬಡಗಿಯ ದಾರಿಯನ್ನೇ ಹಿಡಿಯಬೇಕು. ಕೇರಳ, ತಮಿಳುನಾಡಿನ ಹುಡುಗರು ಫೋಮ್ ಶೀಟು, ಸನ್‌ಬೋರ್ಡು ಕತ್ತರಿಸಿ ಬಸ್ಸು ಲಾರಿಗಳನ್ನು ಕಟ್ಟುವುದು ಹೀಗೆ. ನನ್ನ ಮೇಜಿನ ಮೇಲಿರುವ ಟಾಟಾ 1210 ಕೂಡ ಹಾಗೇ ತಯಾರಾಗುತ್ತಿದೆ. ಟಾಟಾ ನಂಬರುಗಳಿಗೆ ಒಂದು ಲೆಕ್ಕವಿದೆ: ಮೊದಲ ಅಂಕಿ ಒಟ್ಟು ತೂಕದ ಟನ್ನು, ಕೊನೆಯದರ ಹತ್ತರಷ್ಟು ಅಶ್ವಶಕ್ತಿ. 1210 ಎಂದರೆ ಸುಮಾರು 12 ಟನ್, ಸುಮಾರು 100 ಅಶ್ವಶಕ್ತಿ. ನಾನು ಹಿಡಿದಿರುವುದು 1:24ರ ಅಳತೆ. ಅದರಲ್ಲಿ ಒಂದು ಅಡಿ ಅರ್ಧ ಇಂಚಾಗುತ್ತದೆ. ಇಂಚಿನ ಎಂಟನೇ ಒಂದು ಪಾಲಿಗೆ ಬಡಗಿಗಳು ನೂಲು ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಲಾರಿಯ ಮೂರು ಇಂಚು ಮಾದರಿಯಲ್ಲಿ ಸರಿಯಾಗಿ ಒಂದು ನೂಲು. ಮೇಸ್ತ್ರಿಗೆ ಈ ಲೆಕ್ಕ ಹೇಳಿದಾಗ ಅವರು ಹಲಗೆಯ ದಪ್ಪ, ಕಿಟಕಿಯ ಎತ್ತರ, ಡ್ರೈವರ್ ಬೆನ್ನಹಿಂದಿನ ಮಲಗುವ ಹಲಗೆಯ ಅಗಲವನ್ನೆಲ್ಲ ನೆನಪಿನಿಂದ ನೇರವಾಗಿ ನೂಲಿನಲ್ಲೇ ಹೇಳತೊಡಗಿದರು. ನಾನು ಬರೆದುಕೊಂಡೆ. ಒಂದು ಇಂಚಿನ ಹಲಗೆ ಇಲ್ಲಿ ಒಂದು ಮಿ.ಮೀ. ತೆಳು ಪಟ್ಟಿ, ಸುಮಾರು ಒಂದು ಮೀಟರ್ ಎತ್ತರದ ಟೈರು 42 ಮಿ.ಮೀ. ತಾಡಪಾಲಿಗೆ ಹಳೆಯ ಕರವಸ್ತ್ರ, ಹಗ್ಗಕ್ಕೆ ಟೀಯಲ್ಲಿ ಅದ್ದಿದ ಹೊಲಿಗೆ ದಾರ. ಹಣೆಬರಹ ಬರೆಯುವುದು ಎಲ್ಲಕ್ಕಿಂತ ಕಷ್ಟ. ಒತ್ತಕ್ಷರವನ್ನು ಅರ್ಧ ನೂಲಿನ ಜಾಗದಲ್ಲಿ ಕೂರಿಸಲು ಎರಡೇ ಕೂದಲಿನ ಬ್ರಷ್ಷು ಬೇಕು, ಉಸಿರು ಬಿಗಿಹಿಡಿಯಬೇಕು.

ಇಷ್ಟೆಲ್ಲ ಅವಸರ ಏಕೆಂದರೆ ಶೆಡ್ಡುಗಳ ಕಾಲ ಮುಗಿಯುತ್ತ ಬಂದಿದೆ. ಕಾರ್ಖಾನೆಯ ಉಕ್ಕಿನ ಕ್ಯಾಬಿನ್ನುಗಳು ಆಗಲೇ ಹೆದ್ದಾರಿಯನ್ನು ತುಂಬಿವೆ. 2025ರ ಅಕ್ಟೋಬರ್‌ನಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಏಸಿ ಕ್ಯಾಬಿನ್ ಕಡ್ಡಾಯವಾಗಿದೆ. ಡ್ರೈವರ್‌ಗಳ ಪಾಲಿಗೆ ಇದು ಎಂದೋ ಆಗಬೇಕಿದ್ದ ಕೆಲಸ. ಎಂಜಿನ್ನಿನ ಕಾವಿಗೆ ತೊಡೆ ಸುಟ್ಟುಕೊಂಡು ಬದುಕು ಸವೆಸಿದವರ ಎದುರು ಮರದ ಕ್ಯಾಬಿನ್ನಿನ ಚಂದ ಹೊಗಳುವುದು ನ್ಯಾಯವಲ್ಲ. ಲಾರಿ ಹೋಗಲಿ. ಆದರೆ ಅದನ್ನು ಕಟ್ಟಿದವರ ಅಳತೆ ಅವರ ತಲೆಯಲ್ಲಿ ಮಾತ್ರ ಇದೆ, ಮತ್ತು ಅವರಿಗೆಲ್ಲ ವಯಸ್ಸಾಗಿದೆ.

ಎಣ್ಣೂರಿನ ಹತ್ತಿರ, ಪಿಂಪ್ರಿಯ ಹತ್ತಿರ, ಲಾರಿ ಹುಟ್ಟುವ ಊರುಗಳಲ್ಲೇ ನಮ್ಮಲ್ಲಿ ಅನೇಕರು ಬಾಡಿಗೆ ಮನೆ ಹಿಡಿದಿದ್ದೇವೆ. ಆಯುಧಪೂಜೆಗೆ ಊರಿಗೆ ಹೋದಾಗ ಬಾಳೆಕಂದು ಕಟ್ಟಿ ನಿಲ್ಲಿಸಿದ ಹಳೆಯ ಲಾರಿ ಕಂಡರೆ, ಮಾಲೀಕರನ್ನು ಒಂದು ಮಾತು ಕೇಳಿ, ಎಡ ಬಲ ಹಿಂದೆ ಮುಂದೆ ನೇರವಾಗಿ ನಿಂತು ನಾಲ್ಕು ಫೋಟೊ ತೆಗೆಯಿರಿ. ಪ್ರತಿ ಫೋಟೊದಲ್ಲೂ ಲಾರಿಗೆ ಒರಗಿಸಿದ ಒಂದು ಅಡಿಕೋಲು ಕಾಣುವಂತಿರಲಿ. ಬಾಡಿ ಕಟ್ಟಿದವರು ಯಾರು, ಯಾವ ಊರಿನವರು ಎಂದು ಬರೆದಿಟ್ಟುಕೊಳ್ಳಿ. ಆ ಅಡಿಕೋಲು ಒಂದಿದ್ದರೆ ಮುಂದೆ ಯಾರಾದರೂ ಆ ಲಾರಿಯನ್ನು ಮತ್ತೆ ಕಟ್ಟಬಲ್ಲರು.