ಮುಖ ದೃಢೀಕರಣದ ಮೂಲಕ ಡಿಜಿಟಲ್ ಜೀವಿತ ಪ್ರಮಾಣ ಪತ್ರ: ಕ್ಯಾಮೆರಾ ಬಳಕೆಯ ಕುರಿತು ಮಾಹಿತಿ

ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ವರ್ಷ ನವೆಂಬರ್ ತಿಂಗಳಿನಲ್ಲಿ ಜೀವಿತ ಪ್ರಮಾಣ ಪತ್ರವನ್ನು ಸಲ್ಲಿಸಬೇಕಾಗಿರುತ್ತದೆ. 80 ವರ್ಷ ಮೇಲ್ಪಟ್ಟವರು ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದಾಗಿದೆ. ಪತ್ರ ಸಲ್ಲಿಕೆಯಾಗದಿದ್ದಲ್ಲಿ ಪಿಂಚಣಿ ಪಾವತಿ ಸ್ಥಗಿತಗೊಳ್ಳುತ್ತದೆ.

2014ರ ನವೆಂಬರ್ 10ರಂದು ಆರಂಭಗೊಂಡ ‘ಜೀವನ್ ಪ್ರಮಾಣ್’ ವ್ಯವಸ್ಥೆಯಲ್ಲಿ ಮೊದಲು ಬೆರಳಚ್ಚು ಅಥವಾ ಕಣ್ಣಿನ ಪಾಪೆಯ ಸಾಧನ ಅಗತ್ಯವಾಗಿತ್ತು. ವೃದ್ಧರ ಬೆರಳಿನ ಗೆರೆಗಳು ಸವೆದಿರುವುದರಿಂದ ಅನೇಕರಿಗೆ ತೊಂದರೆಯಾಗುತ್ತಿತ್ತು. 2021ರ ನವೆಂಬರ್‌ನಿಂದ ಮೊಬೈಲ್ ಕ್ಯಾಮೆರಾದ ಮೂಲಕ ಮುಖ ದೃಢೀಕರಣಕ್ಕೆ ಅವಕಾಶ ಕಲ್ಪಿಸಲಾಗಿದೆ. ಇದಕ್ಕೆ ‘ಆಧಾರ್ ಫೇಸ್ ಆರ್‌ಡಿ’ ಮತ್ತು ‘ಜೀವನ್ ಪ್ರಮಾಣ್’ ಎಂಬ ಎರಡು ಆಪ್‌ಗಳು, ಅಂತರ್ಜಾಲ ಸಂಪರ್ಕ ಹಾಗೂ ಕನಿಷ್ಠ 5 ಮೆಗಾಪಿಕ್ಸೆಲ್ ಕ್ಯಾಮೆರಾ ಇರತಕ್ಕದ್ದು. ಮೊಬೈಲ್ ಪಿಂಚಣಿದಾರರದ್ದೇ ಆಗಿರಬೇಕೆಂದಿಲ್ಲ; ಮಕ್ಕಳ ಅಥವಾ ನೆರೆಯವರ ಮೊಬೈಲ್ ಆಗಬಹುದು.

ಭಾವಚಿತ್ರವನ್ನು ಕ್ಯಾಮೆರಾದ ಮುಂದೆ ಹಿಡಿದರೆ ಸಾಲದೇ ಎಂದು ಹಲವರು ವಿಚಾರಿಸುತ್ತಾರೆ. ಸಾಲದು. ಭಾವಚಿತ್ರವೆಂದರೆ ಬಣ್ಣದ ಬಿಂದುಗಳ ಒಂದೇ ಚೌಕಟ್ಟು. 5 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅಂತಹ ಸುಮಾರು 50 ಲಕ್ಷ ಬಿಂದುಗಳಿರುತ್ತವೆ. ನೇರ ವಿಡಿಯೊ ಎಂದರೆ ಒಂದರ ಹಿಂದೊಂದರಂತೆ ಬರುವ ಚೌಕಟ್ಟುಗಳ ಸಾಲು. ತಂತ್ರಾಂಶವು ಈ ಸಾಲಿನಲ್ಲಿ ಮುಖವನ್ನು ಗುರುತಿಸಿ, ರೆಪ್ಪೆ ಮಿಟುಕಿಸುವಂತಹ ಚಲನೆಯಿಂದ ಎದುರಿಗಿರುವವರು ಜೀವಂತ ವ್ಯಕ್ತಿ ಎಂಬುದನ್ನು ಪರಿಶೀಲಿಸುತ್ತದೆ. ಅನಂತರವೇ ಸೆರೆಹಿಡಿದ ಚಿತ್ರವನ್ನು ಆಧಾರ್ ನೋಂದಣಿಯ ಭಾವಚಿತ್ರದೊಡನೆ ಹೋಲಿಸಲಾಗುತ್ತದೆ.

ವಿಫಲವಾಗುವುದಕ್ಕೆ ಬೆಳಕೇ ಹೆಚ್ಚಾಗಿ ಕಾರಣ. ಕಿಟಕಿಗೆ ಬೆನ್ನು ಮಾಡಿ ಕುಳಿತರೆ ಕ್ಯಾಮೆರಾ ಹಿಂಬದಿಯ ಬೆಳಕಿಗೆ ಹೊಂದಿಕೊಂಡು ಮುಖ ಕಪ್ಪಾಗಿ ಮೂಡುತ್ತದೆ. ಆದ್ದರಿಂದ ಬೆಳಕಿಗೆ ಮುಖ ಮಾಡಿ ಕುಳಿತುಕೊಳ್ಳಬೇಕು. ಕನ್ನಡಕದ ಗಾಜು ಹೊಳೆಯುತ್ತಿದ್ದಲ್ಲಿ ತೆಗೆದಿಡುವುದು ಒಳಿತು. ಮಸೂರವನ್ನು ಬಟ್ಟೆಯಿಂದ ಒರೆಸಿ, ಮೊಬೈಲನ್ನು ಅಲುಗಿಸದೆ ಹಿಡಿಯತಕ್ಕದ್ದು. ಆಧಾರ್ ಭಾವಚಿತ್ರ ಬಹಳ ಹಳೆಯದಾಗಿದ್ದಲ್ಲಿ ಆಧಾರ್ ಕೇಂದ್ರದಲ್ಲಿ ಮೊದಲೇ ನವೀಕರಿಸಿಕೊಳ್ಳುವುದು ಸೂಕ್ತ.

ದೃಢೀಕರಣ ಯಶಸ್ವಿಯಾದ ನಂತರ ಪ್ರಮಾಣ ಸಂಖ್ಯೆಯು ಎಸ್.ಎಂ.ಎಸ್. ಮೂಲಕ ಬರುತ್ತದೆ. ಆದರೆ ಇಷ್ಟಕ್ಕೇ ಕೆಲಸ ಮುಗಿಯಿತೆಂದು ಭಾವಿಸಬಾರದು. ಪಿ.ಪಿ.ಒ. ಸಂಖ್ಯೆ ಅಥವಾ ಖಾತೆಯ ವಿವರ ತಪ್ಪಾಗಿದ್ದಲ್ಲಿ ಪಿಂಚಣಿ ವಿತರಿಸುವ ಸಂಸ್ಥೆಯು ಪತ್ರವನ್ನು ತಿರಸ್ಕರಿಸಬಹುದು. ಆಗ ಸರಿಯಾದ ವಿವರಗಳೊಂದಿಗೆ ಹೊಸದಾಗಿ ಸಲ್ಲಿಸಬೇಕಾಗುತ್ತದೆ.

ಮರು ಉದ್ಯೋಗ ಪಡೆದವರು ಹಾಗೂ ಮರುವಿವಾಹವಾದವರು ಈ ಸೌಲಭ್ಯ ಬಳಸಲು ಬರುವುದಿಲ್ಲ. ಅಂತಹವರು ಹಾಗೂ ಕ್ಯಾಮೆರಾದಿಂದ ಸಾಧ್ಯವಾಗದವರು ಬ್ಯಾಂಕ್ ಶಾಖೆಯಲ್ಲಿ ಖುದ್ದಾಗಿ ಹಾಜರಾಗಿ ಲಿಖಿತ ಪ್ರಮಾಣ ಪತ್ರವನ್ನು ಸಲ್ಲಿಸಬಹುದು.