ಫ್ರೇಯಾ ದೇವಿಯ ಕಂಠಹಾರ

ಪೂಜಿಸುವವರೇ ಇಲ್ಲದ ದೇವತೆಗಳ ಕಥೆಗಳು ಉಳಿದು ಬರುವುದು ಹೇಗೆ? ಒಂದು ಮಕ್ಕಳ ಪುಸ್ತಕವನ್ನು ಹಿಡಿದು ನಾವು ಇದನ್ನು ವಿಚಾರಿಸೋಣ.

1960ರಲ್ಲಿ ಆಲನ್ ಗಾರ್ನರ್ ಎಂಬ ಆಂಗ್ಲ ಲೇಖಕರು ‘ದಿ ವಿಯರ್ಡ್‌ಸ್ಟೋನ್ ಆಫ್ ಬ್ರಿಸಿಂಗಮೆನ್’ ಎಂಬ ಅದ್ಭುತ ಕಥೆಯನ್ನು ಪ್ರಕಟಿಸಿದರು. ಚೆಷೈರ್ ಸೀಮೆಯ ಆಲ್ಡರ್ಲಿ ಎಡ್ಜ್ ಎಂಬ ಗುಡ್ಡದ ಬಳಿಗೆ ಕಾಲಿನ್ ಮತ್ತು ಸೂಸನ್ ಎಂಬ ಒಡಹುಟ್ಟಿದ ಮಕ್ಕಳು ಬರುತ್ತಾರೆ. ಸೂಸನ್ನಳ ಕೈಬಳೆಯ ಹರಳು ಮಾಯಾಮಣಿಯಾದುದರಿಂದ ದುಷ್ಟಶಕ್ತಿಗಳು ಅವರನ್ನು ಬೆನ್ನಟ್ಟುತ್ತವೆ. ಗುಡ್ಡದೊಳಗೆ ನಿದ್ರಿಸುವ ವೀರರ ಐತಿಹ್ಯವು ಆ ಊರಿನದೇ. ಬ್ರಿಸಿಂಗಮೆನ್ ಎಂಬುದಾದರೋ ಯೂರೋಪ್ ಖಂಡದ ಉತ್ತರ ದೇಶಗಳ ಪುರಾಣದಲ್ಲಿ ಫ್ರೇಯಾ ದೇವಿಯ ಕಂಠಹಾರದ ಹೆಸರು.

ಇಂತಹ ಹೆಸರುಗಳನ್ನು ಕಾಪಾಡಿದವರಲ್ಲಿ ಐಸ್‌ಲೆಂಡಿನ ಸ್ನೊರ್ರಿ ಸ್ಟುರ್ಲುಸನ್ ಪ್ರಮುಖನು. ಆ ದ್ವೀಪದ ಜನರು ಕ್ರಿ. ಶ. 1000ದ ಸುಮಾರಿಗೆ ಕ್ರೈಸ್ತರಾದರು. ಸ್ವತಃ ಕ್ರೈಸ್ತನಾದ ಸ್ನೊರ್ರಿಯು ಎರಡು ಶತಮಾನಗಳ ಬಳಿಕ, ಸುಮಾರು 1220ರಲ್ಲಿ, ಹಳೆಯ ದೇವತೆಗಳ ಕಥೆಗಳನ್ನು ‘ಎಡ್ಡಾ’ ಎಂಬ ಗ್ರಂಥದಲ್ಲಿ ಬರೆದಿಟ್ಟನು. ಪ್ರಾಚೀನ ಕವಿಗಳು ಚಿನ್ನವನ್ನು ಫ್ರೇಯಾಳ ಕಣ್ಣೀರೆಂದು ಕರೆಯುತ್ತಿದ್ದರು. ಕಥೆ ಮರೆತರೆ ಕಾವ್ಯವೂ ಅರ್ಥವಾಗದು. ಆದುದರಿಂದಲೇ ಅವನು ತರುಣ ಕವಿಗಳಿಗೆಂದು ಈ ಕೈಪಿಡಿಯನ್ನು ರಚಿಸಿದನು. 1241ರಲ್ಲಿ ವೈರಿಗಳು ಅವನನ್ನು ಸ್ವಗೃಹದಲ್ಲಿಯೇ ಕೊಂದರು. ಗ್ರಂಥವು ಉಳಿಯಿತು.

ಅಂದು ತರುಣರಿಗಾಗಿ ಬರೆದಿಟ್ಟ ಹೆಸರು ಏಳು ಶತಮಾನಗಳ ಮೇಲೆ ಒಬ್ಬ ಬಾಲಿಕೆಯ ಕೈಬಳೆಯಲ್ಲಿ ಹೊಳೆಯಿತು. ನಂಬಿಕೆಯು ಅಳಿದ ಮೇಲೆ ಪುರಾಣವನ್ನು ಕಾಯುವವರು ಭಾಷೆಯನ್ನು ಪ್ರೀತಿಸುವವರೇ ಎಂದು ನಾವು ಭಾವಿಸುತ್ತೇವೆ.