ಸಂತ ಸೆಬಾಸ್ಟಿಯನ್ (ಮಾಂಟೆನ್ಯಾನ ಚಿತ್ರ)

ಇಟಲಿಯ ಪುನರುಜ್ಜೀವನ ಕಾಲದ ಕಲಾವಿದ ಆಂಡ್ರೆಯಾ ಮಾಂಟೆನ್ಯಾ (1431–1506) ಸುಮಾರು 1457–59ರಲ್ಲಿ ರಚಿಸಿದ ಚಿತ್ರ. ಮರದ ಹಲಗೆಯ ಮೇಲೆ ಟೆಂಪರಾ ವರ್ಣ. ಎತ್ತರ 68 ಸೆಂ.ಮೀ., ಅಗಲ 30 ಸೆಂ.ಮೀ. ವಿಯೆನ್ನಾದ ಕಲಾ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ಇದೇ ವಸ್ತುವನ್ನು ಮಾಂಟೆನ್ಯಾ ಮುಂದೆ ಮತ್ತೆರಡು ಬಾರಿ ಚಿತ್ರಿಸಿದ. ಅವು ಪ್ಯಾರಿಸ್‌ನ ಲೂವ್ರ್ ಮತ್ತು ವೆನಿಸ್‌ನ ಕಾ ದೋರೊ ಸಂಗ್ರಹಗಳಲ್ಲಿವೆ.

ಐತಿಹ್ಯ: ಸೆಬಾಸ್ಟಿಯನ್ ರೋಮನ್ ಸೈನ್ಯದ ಅಧಿಕಾರಿ. ಗುಟ್ಟಾಗಿ ಕ್ರೈಸ್ತನಾಗಿದ್ದುದು ಬಯಲಾದಾಗ ಚಕ್ರವರ್ತಿ ಡಯೊಕ್ಲಿಷಿಯನ್ ಅವನನ್ನು ಕಟ್ಟಿಸಿ ಬಾಣ ಬಿಡಿಸಿದ. ಸತ್ತನೆಂದು ಬಿಟ್ಟುಹೋದ ಮೇಲೆ ಐರೀನ್ ಎಂಬ ವಿಧವೆ ಆರೈಕೆ ಮಾಡಿ ಬದುಕಿಸಿದಳು. ಅವನು ಮತ್ತೆ ಚಕ್ರವರ್ತಿಯ ಎದುರು ನಿಂತು ಖಂಡಿಸಿದಾಗ ದೊಣ್ಣೆಗಳಿಂದ ಬಡಿದು ಕೊಲ್ಲಲಾಯಿತು. ಹೀಗಾಗಿ ಚಿತ್ರದ ಬಾಣಗಳು ಅವನ ಸಾವಿಗೆ ಕಾರಣವಾದವಲ್ಲ, ಅವನು ಗೆದ್ದು ಬಂದವು.

ವ್ಯಾಖ್ಯಾನ: ಪ್ರಾಚೀನ ಯುರೋಪಿನಲ್ಲಿ ಮಹಾಮಾರಿಯನ್ನು ದೇವರು ಎಸೆದ ಬಾಣವೆಂದು ಭಾವಿಸುತ್ತಿದ್ದರು. ಬಾಣ ತಗುಲಿಯೂ ಬದುಕಿದ ಸೆಬಾಸ್ಟಿಯನ್ ಪ್ಲೇಗಿನಿಂದ ಕಾಯುವ ಸಂತನಾದದ್ದು ಇದೇ ನಂಬಿಕೆಯಿಂದ. ಏಳನೆಯ ಶತಮಾನದ ರೋಮಿನ ಮೊಸಾಯಿಕ್‌ನಲ್ಲಿ ಅವನು ಗಡ್ಡಧಾರಿ ವೃದ್ಧ. ಪುನರುಜ್ಜೀವನದ ಕಲಾವಿದರು ಅವನನ್ನು ಗ್ರೀಕ್ ಶಿಲ್ಪದಂಥ ಅರೆನಗ್ನ ತರುಣನನ್ನಾಗಿಸಿದರು. ಮಾಂಟೆನ್ಯಾ ಅವನನ್ನು ಮುರಿದ ರೋಮನ್ ಕಮಾನಿನ ಕಂಬಕ್ಕೆ ಕಟ್ಟಿದ್ದಾನೆ. ಕಾಲಬಳಿ ಶಿಲ್ಪಗಳ ಚೂರುಗಳು ಬಿದ್ದಿವೆ. ಹಳೆಯ ಧರ್ಮ ಕುಸಿದು ಹೊಸದು ನಿಂತಿತೆಂಬ ಅರ್ಥವನ್ನು ವಿದ್ವಾಂಸರು ಇಲ್ಲಿ ಕಾಣುತ್ತಾರೆ. ಆದರೆ ಆ ಭಗ್ನಾವಶೇಷಗಳನ್ನು ಕಲಾವಿದ ಬಿಡಿಸಿರುವ ಶ್ರದ್ಧೆ, ಕಂಬದ ಮೇಲೆ ಗ್ರೀಕ್ ಲಿಪಿಯಲ್ಲಿ ಹಾಕಿರುವ ತನ್ನ ಸಹಿ, ಪ್ರಾಚೀನತೆಯ ಮೇಲಿನ ಅವನ ಒಲವನ್ನೂ ತೋರುತ್ತವೆ. ಮೇಲೆ ಎಡಗಡೆ ಮೋಡದಲ್ಲಿ ಮೂಡಿರುವ ಕುದುರೆ ಸವಾರ ಯಾರೆಂಬುದರಲ್ಲಿ ಒಮ್ಮತವಿಲ್ಲ.

ವೀರಗಲ್ಲಿನೊಡನೆ ಹೋಲಿಕೆ: ಕರ್ನಾಟಕದ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ಶಿವಸನ್ನಿಧಿ ಹೀಗೆ ಕಥೆ ಪಟ್ಟಿಕೆಗಳಲ್ಲಿ ಏರುತ್ತದೆ. ಮಾಂಟೆನ್ಯಾ ಒಂದೇ ಗಳಿಗೆಯನ್ನು ಹಿಡಿಯುತ್ತಾನೆ. ಮುಂದಿನದನ್ನು ಸಂತನ ಮೇಲೆತ್ತಿದ ಕಣ್ಣುಗಳು ಸೂಚಿಸುತ್ತವೆ.

ಕರ್ನಾಟಕದ ನಂಟು: ಮಂಗಳೂರಿನ ಬೆಂದೂರು ಚರ್ಚ್ ಸಂತ ಸೆಬಾಸ್ಟಿಯನ್ನನ ಹೆಸರಿನದು. ಮಾಂಟೆನ್ಯಾ 1460ರಿಂದ ಮಾಂಟುವಾದ ಗೊನ್ಜಾಗಾ ಅರಸರ ಆಸ್ಥಾನ ಚಿತ್ರಕಾರ. ಅದೇ ಮನೆತನದ ಕವಲಿನ ಅಲೋಶಿಯಸ್ ಗೊನ್ಜಾಗಾ 1591ರಲ್ಲಿ ರೋಮಿನಲ್ಲಿ ರೋಗಪೀಡಿತರ ಸೇವೆ ಮಾಡುತ್ತ ಸೋಂಕು ತಗುಲಿ ತೀರಿಕೊಂಡ. ಅವನ ಜೀವನಕಥೆಯನ್ನು ಇಟಲಿಯ ಜೆಸುಯಿಟ್ ಸೋದರ ಆಂಟೋನಿಯೊ ಮೊಸ್ಕೆನಿ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಚಾವಣಿಯಲ್ಲಿ ಚಿತ್ರಿಸಿದ್ದಾನೆ.